ನೇರಳೆ ಗೆರೆಯ ನಲವತ್ತಾರು ತೋಟಾ

ಅಕ್ಕ ಬಿಟ್ಟುಹೋದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಐವತ್ತು ಗುಳಿಗಳಿದ್ದವು, ರಿವಾಲ್ವರಿಗೆ ಹಾಕುವ ನಲವತ್ತಾರು ತೋಟಾ ಇದ್ದವು. ಸಾಲಿಗೆ ಹತ್ತರಂತೆ ಐದು ಸಾಲು. ಕೊನೆಯ ಸಾಲಿನ ಬಲತುದಿಯ ನಾಲ್ಕು ಗುಳಿ ಖಾಲಿ. ಆ ನಾಲ್ಕನ್ನು ಅವಳು ಹೊಡೆದಿರಬೇಕು ಎಂದುಕೊಂಡು ಮುಂದೆ ಯೋಚಿಸಲಿಲ್ಲ. ಮುಚ್ಚಳದ ಮೇಲಿನ ಚೀಟಿಯಲ್ಲಿ ಬಲಕ್ಕೆ ವಾಲಿದ ಅವಳ ಅಕ್ಷರ: ತೋಟಾದ ಅಳತೆ ಮೂವತ್ತೆಂಟು, ಮದ್ದಿನ ತೂಕ, ಗುಂಡಿನ ತೂಕ, ನವೆಂಬರ್ ಹದಿನಾಲ್ಕು. ಪ್ರತಿ ತೋಟಾದ ಹಿತ್ತಾಳೆ ತಳಕ್ಕೆ ಅಡ್ಡವಾಗಿ ನೇರಳೆ ಶಾಯಿಯ ಒಂದು ಗೆರೆ.

ನಮ್ಮೂರಿನ ಗುರಿಹೊಡೆತದ ಕ್ಲಬ್ಬಿನಲ್ಲಿ ತಮ್ಮ ತೋಟಾ ತಾವೇ ತುಂಬಿಕೊಳ್ಳುವವರಿಗೆ ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೋಶಗಳು ಕಟ್ಟೆಯ ಮೇಲೆ, ನೆಲದ ಮೇಲೆ ಬೆರೆತುಹೋಗುತ್ತವೆ. ತನ್ನದನ್ನು ತಾನು ಆರಿಸಿಕೊಂಡು ಮತ್ತೆ ತುಂಬಿಕೊಳ್ಳಲು ಈ ಏರ್ಪಾಡು. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಪಕ್ಕದ ಹಲಗೆಯಲ್ಲಿ ಬಣ್ಣದ ಚುಕ್ಕೆಗಳಿವೆ, ಚುಕ್ಕೆಯ ಮುಂದೆ ಸೀಮೆಸುಣ್ಣದಲ್ಲಿ ಬರೆದ ಹೆಸರುಗಳಿವೆ. ಹಸಿರು, ಎಮಿಲ್. ಕೆಂಪು, ಲೊರೆಟ್ಟಾ. ನೇರಳೆ, ರೋಸಲಿ. ರೋಸಲಿ ನನ್ನ ಅಕ್ಕ. ಅವಳು ತೀರಿಕೊಂಡು ಹತ್ತು ತಿಂಗಳಾದರೂ ಆ ಹೆಸರನ್ನು ಯಾರೂ ಒರೆಸಿರಲಿಲ್ಲ.

ಅವಳು ನನಗಿಂತ ಏಳು ವರ್ಷ ದೊಡ್ಡವಳು. ನದಿಯಾಚೆಯ ಗಾಜಿನ ಕಾರ್ಖಾನೆ ಮುಚ್ಚುವವರೆಗೆ ಅಲ್ಲಿ ದುಡಿದಳು, ಆಮೇಲೆ ಶಾಲೆಯ ಬಸ್ಸು ಓಡಿಸಿದಳು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಪ್ರತಿ ಮಂಗಳವಾರ ಸಂಜೆ ಆರಕ್ಕೆ ಆ ನೆಲಮಾಳಿಗೆಯಲ್ಲಿ ಗುರಿ ಹೊಡೆಯುವವರು ಒಬ್ಬೊಬ್ಬರಾಗಿ ನಿಲ್ಲುವ ಸಾಲುಗಳಲ್ಲಿ ಆರನೆಯದರಲ್ಲಿ ನಿಂತು, ಎಡಗೈಯನ್ನು ಜೇಬಿಗೆ ಇಳಿಬಿಟ್ಟು, ಬಲಗೈಯೊಂದರಲ್ಲೇ ರಿವಾಲ್ವರ್ ಚಾಚಿ, ಐವತ್ತು ಅಡಿ ಆಚೆಯ ಕಾಗದದ ಕಪ್ಪು ವೃತ್ತಕ್ಕೆ ಗುಂಡು ಹೊಡೆಯುತ್ತಿದ್ದಳು. ನಾನು ರಸಾಯನಶಾಸ್ತ್ರ ಓದಿದವಳು. ಊರಿನ ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಹನ್ನೊಂದು ಚಳಿಗಾಲ ಅವಳು ಕರೆದಳು, ಹನ್ನೊಂದು ಚಳಿಗಾಲ ನಾನು ಹೋಗಲಿಲ್ಲ.

ಕೊನೆಯ ಸಲ ಕರೆದದ್ದು ಆ ನವೆಂಬರಿನಲ್ಲೇ, ಫೋನಿನಲ್ಲಿ. ಕ್ಯಾನ್ಸರಿನ ಔಷಧಿಯ ನಾಲ್ಕನೆಯ ಸುತ್ತು ನಡೆಯುತ್ತಿದ್ದ ದಿನಗಳು.

“ಲೇ ಪ್ರೊಫೆಸರಮ್ಮ, ಈ ಮಂಗಳವಾರ ಬಾರೇ. ಮೊದ್ಲು ಮನೆಗೆ ಬಾ, ಆಮೇಲೆ ಒಟ್ಟಿಗೆ ಕ್ಲಬ್ಬಿಗೆ ಹೋಗೋಣ. ತೋಟಾಗೆ ಮದ್ದು ಸುರಿಯೋ ಲಿವರ್ ಎಳೆಯೋಕೆ ಒಂದ್ ಕೈ ಬೇಕಾಗಿದೆ.”

“ನಿಂಗೆ ಎರಡು ಇದೆಯಲ್ಲ.”

“ಇದೆ, ಇದೆ. ಎರಡೂ ಚೆನ್ನಾಗೇ ಇದೆ. ನಿಂದೂ ಒಂದು ಇರ್ಲಿ ಅಂತ.”

“ಲ್ಯಾಬಲ್ಲಿ ತಪಾಸಣೆ ಬರ್ತಿದೆ ಕಣೇ. ಮಾರ್ಚ್ ಆಗ್ಲಿ, ಬರ್ತೀನಿ.”

“ಮಾರ್ಚಾ?” ಎಂದಳು. “ಸರಿ ಬಿಡು. ಮಾರ್ಚು.”

ಫೆಬ್ರವರಿಯಲ್ಲಿ ಹೋದಳು. ಕಾಗದಪತ್ರಗಳೆಲ್ಲ ಮುಗಿದು ಅವಳ ಮೂವತ್ತೆಂಟರ ರಿವಾಲ್ವರ್ ನನ್ನ ಹೆಸರಿಗೆ ಬಂತು, ಜೊತೆಗೆ ಈ ಪೆಟ್ಟಿಗೆ. ನನಗೆ ಬೇಕಾಗಿದ್ದದ್ದು ಒಂದೇ ಒಂದು. ಅವಳ ಸಾಲಿನಲ್ಲಿ ನಿಂತು, ಅವಳ ರಿವಾಲ್ವರಿನಿಂದ, ಅವಳು ಕೈಯಾರೆ ತುಂಬಿದ ತೋಟಾ ಹೊಡೆಯಬೇಕು. ಕಡೆಗೆ ಒಂದಾದರೂ. ಅವಳ ಕೈ ಅಳೆದು ಮುಚ್ಚಿಟ್ಟ ಒದೆತ ನನ್ನ ಅಂಗೈಗೆ ತಲುಪಬೇಕು.

ಡಿಸೆಂಬರಿನ ಮೊದಲ ಭಾನುವಾರ, ಮಧ್ಯಾಹ್ನದ ಹೊತ್ತಿಗೆ, ಹೊಸಬರಿಗೆ ಕಲಿಸುವ ಎಮಿಲ್ ಮುಂದೆ ಹೋಗಿ ನಿಂತೆ. ಎಮಿಲ್‌ಗೆ ಎಪ್ಪತ್ತೆಂಟು. ಗಾಜು ಕೊಯ್ಯುವ ಕೆಲಸದಲ್ಲಿ ನಲವತ್ತು ವರ್ಷ ಕಳೆದ ಕೈ. ಅಕ್ಕನಿಗೂ ಕಲಿಸಿದ್ದು ಅವನೇ. ಅವನು ಕಟ್ಟೆಯ ಮೇಲೆ ನಾಲ್ಕು ಕ್ಯಾಲಿಬರಿನ, ಅಂದರೆ ನಾಲ್ಕು ದಪ್ಪದ, ತೋಟಾಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದ. ಎಡತುದಿಯಲ್ಲಿ ಪೆನ್ಸಿಲಿಗಿಂತ ಸಣ್ಣದಾದ ಇಪ್ಪತ್ತೆರಡು. ಆಮೇಲೆ ಒಂಬತ್ತು ಮಿಲಿಮೀಟರ್, ಮೂವತ್ತೆಂಟು. ಬಲತುದಿಯಲ್ಲಿ ಹೆಬ್ಬೆರಳಿನ ಗೆಣ್ಣಿನಷ್ಟು ದಪ್ಪದ ನಲವತ್ತೈದು.

“ಹೇಳು ಮರಿ. ಮೊದಲು ಕಲಿಯೋದು ಯಾವ ಕ್ಯಾಲಿಬರಿನಲ್ಲಿ?”

ನಾನು ಮೂವತ್ತೆಂಟನ್ನು ಎತ್ತಿಕೊಂಡೆ.

“ಯಾಕೆ?”

“ಅಕ್ಕನದು ಇದೇ.”

“ಅದು ಕಾರಣ ಅಲ್ಲ. ಅದು ನೆಂಟಸ್ತಿಕೆ.”

ಗೋಡೆ ಪಕ್ಕದ ಮೇಜಿನಲ್ಲಿ ಅಂಕಪಟ್ಟಿ ಗೀಚುತ್ತಿದ್ದ ಲೊರೆಟ್ಟಾ ಕನ್ನಡಕದ ಮೇಲಿಂದ ನೋಡಿದಳು. ಕ್ಲಬ್ಬಿನ ಲೆಕ್ಕಪತ್ರ, ಕಾಫಿ, ಭಾನುವಾರ ಎಲೆಕೋಸು, ನೂಡಲ್ಸ್ ಬೆರೆಸಿ ಹುರಿಯುವ ಹಾಲುಷ್ಕಿ, ಎಲ್ಲರ ಗುಟ್ಟು, ಎಲ್ಲವೂ ಅವಳ ಸುಪರ್ದಿ.

“ಬರೋರೆಲ್ಲ ದೊಡ್ಡದಕ್ಕೇ ಕೈ ಹಾಕೋದು ಕಣೇ ಮಾರ್ಸಿ. ಹೋದ ತಿಂಗಳು ಒಬ್ಬ ಬಂದಿದ್ದ, ನಲವತ್ತೈದೇ ಬೇಕು ಅಂತ ಹಟ. ಮೂರನೇ ಗುಂಡಿಗೆ ಚಾವಣಿ ದೀಪ ಹೊಡೆದ.”

“ಆಮೇಲೆ?”

“ಆಮೇಲೇನು, ನಟ್ಟನಡುವೆ ಬಿದ್ದಿತ್ತು. ಹತ್ತಕ್ಕೆ ಹತ್ತು ಕೊಟ್ಟು ಕಳಿಸಿದ್ವಿ.”

ನಾನು ಚೀಲದಿಂದ ಹಾಳೆ ತೆಗೆದೆ. ಹಿಂದಿನ ದಿನ ಕೂತು ಲೆಕ್ಕ ಹಾಕಿದ್ದೆ. ಮೂವತ್ತೆಂಟರ ಗುಂಡು ಇಪ್ಪತ್ತೆರಡರದ್ದಕ್ಕಿಂತ ಮೂರೂಮುಕ್ಕಾಲು ಪಟ್ಟು ಭಾರ, ಆದರೆ ವೇಗ ಕಡಿಮೆ. ಎರಡನ್ನೂ ಗುಣಿಸಿದರೆ ಕೈಗೆ ಬರುವ ಒದೆತ ಸುಮಾರು ಎರಡೂವರೆ ಪಟ್ಟು. ಅಕ್ಕನ ರಿವಾಲ್ವರ್ ಸಾಕಷ್ಟು ತೂಕದ್ದಾದ್ದರಿಂದ ಅದರಲ್ಲೂ ಒಂದು ಪಾಲು ಅದೇ ನುಂಗಿಕೊಳ್ಳುತ್ತದೆ. ಹೆಸರಿಗೆ ಮೂವತ್ತೆಂಟಾದರೂ ಅಂಗುಲದ ನೂರನೇ ಭಾಗದ ಲೆಕ್ಕದಲ್ಲಿ ಅಳೆದರೆ ಅದು ಮೂವತ್ತಾರಕ್ಕೂ ಕಡಿಮೆ ಎಂಬುದನ್ನೂ ಅಡಿಟಿಪ್ಪಣಿಯಲ್ಲಿ ಬರೆದಿದ್ದೆ. ಎಮಿಲ್ ಕೊನೆಯವರೆಗೂ ಓದಿದ.

“ಲೆಕ್ಕ ಸರಿಯಾಗಿದೆ. ಆದ್ರೆ ಇದು ನಿನ್ನ ತಲೆಗೆ ಗೊತ್ತು, ಮಣಿಕಟ್ಟಿಗೆ ಗೊತ್ತಿಲ್ಲ.”

“ಮಣಿಕಟ್ಟಿಗೂ ಕಲಿಸಿ. ಅಕ್ಕ ತುಂಬಿದ ತೋಟಾ ಒಂದು ಪೆಟ್ಟಿಗೆ ಇದೆ ಎಮಿಲ್. ಅದರಲ್ಲೇ ಕಲೀತೀನಿ.”

ಅವನ ಮುಖ ಬದಲಾಯಿತು. ಲೊರೆಟ್ಟಾಳ ಪೆನ್ನು ನಿಂತಿತು.

“ಅದಾಗಲ್ಲ,” ಎಂದ. “ಬೇರೆಯವರು ತುಂಬಿದ್ದನ್ನ ಈ ನೆಲಮಾಳಿಗೆಯಲ್ಲಿ ಯಾರೂ ಹೊಡೆಯಲ್ಲ. ಗಂಡ ತುಂಬಿದ್ದು ಹೆಂಡ್ತಿ ಹೊಡೆಯಲ್ಲ. ನಾನು ತುಂಬಿದ್ದು ಲೊರೆಟ್ಟಾ ಹೊಡೆಯಲ್ಲ.”

“ನೀನು ಸಕ್ಕರೆ ಹಾಕಿದ ಕಾಫೀನೂ ನಾನು ಕುಡಿಯಲ್ಲ,” ಎಂದಳು ಲೊರೆಟ್ಟಾ.

“ಅಕ್ಕ ಎಷ್ಟು ಎಚ್ಚರದವಳು ಅಂತ ನಿಮಗೇ ಗೊತ್ತಲ್ಲ,” ಎಂದೆ.

“ಗೊತ್ತು. ಮೂವತ್ತೆಂಟರ ಕೋಶ ಇಷ್ಟುದ್ದ ಇದೆ, ಅದರೊಳಗೆ ಬೀಳೋ ಮದ್ದು ಚಿಟಿಕೆಯಷ್ಟು. ಒಂದು ಅಳತೆ ಬೀಳೋ ಕಡೆ ಎರಡು ಬಿದ್ರೂ ಜಾಗ ಇರುತ್ತೆ, ಅದನ್ನ ಹೊಡೆದ್ರೆ ರಿವಾಲ್ವರ್ ಕೈಯಲ್ಲೇ ಒಡೆಯುತ್ತೆ. ಮೇಲೆ ಗುಂಡು ಕೂರಿಸಿದ ಮೇಲೆ ಒಳಗೆ ಏನಿದೆ ಅಂತ ದೇವರಿಗೂ ಕಾಣಲ್ಲ. ತುಂಬಿದವರು ತಮ್ಮ ಕೈ ತಾವು ನಂಬಿ ಹೊಡೀತಾರೆ. ಅಷ್ಟೇ. ಆ ನಂಬಿಕೆಯನ್ನ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬರಿಗೆ ಕೊಡೋಕಾಗಲ್ಲ.”

ಅಂಗಡಿಯಿಂದ ಮೂವತ್ತೆಂಟರ ಒಂದು ಪೆಟ್ಟಿಗೆ ತಂದಿದ್ದೆ, ಅದನ್ನು ಮುಂದಿಟ್ಟೆ. ಎಮಿಲ್ ಬೆನ್ನು ತಿರುಗಿಸಿ ರಿವಾಲ್ವರಿನ ಆರು ಕೋಣೆ ತುಂಬಿ, ನನ್ನ ಕೈಗೆ ಕೊಟ್ಟು, ಕಿವಿಗೆ ಮುಚ್ಚಳ ಹಾಕಿಕೊಳ್ಳಲು ಸನ್ನೆ ಮಾಡಿದ. ಮೊದಲನೆಯದು ಸಿಡಿಯಿತು. ಎರಡನೆಯದೂ ಸಿಡಿಯಿತು. ಮೂರನೆಯದಕ್ಕೆ ಬರಿಯ ಕ್ಲಿಕ್ ಶಬ್ದ. ಎಮಿಲ್ ಅಲ್ಲಿ ಖಾಲಿ ಕೋಶ ಇಟ್ಟಿದ್ದ. ಸ್ಫೋಟವೇ ಇಲ್ಲದ ಆ ಗಳಿಗೆಯಲ್ಲಿ ನಳಿಗೆಯ ತುದಿ ಎರಡು ಅಂಗುಲ ಕೆಳಕ್ಕೆ ಕುಸಿದದ್ದು ನನ್ನ ಕಣ್ಣಿಗೇ ಬಿತ್ತು. ಒದೆತ ಬರುವ ಮೊದಲೇ ನನ್ನ ಕೈ ಅದನ್ನು ತಡೆಯಲು ಹೋಗಿತ್ತು.

“ನೋಡಿದ್ಯಾ?”

“ನೋಡಿದೆ.”

“ಇದು ಹೆದರಿಕೆ ಅಂತ ತಿಳ್ಕೋಬೇಡ. ಇದು ಕೈಯ ಬುದ್ಧಿ. ಬುದ್ಧಿವಂತರಿಗೇ ಜಾಸ್ತಿ.” ಕ್ಲಬ್ಬಿನ ಇಪ್ಪತ್ತೆರಡರ ಪಿಸ್ತೂಲನ್ನು ಮುಂದಿಟ್ಟ. “ಇದು ಒದೆಯಲ್ಲ, ತಟ್ಟುತ್ತೆ. ಇದರಲ್ಲಿ ಎಂಟು ತಿಂಗಳು ಹೊಡಿ. ನಿನ್ನ ಕೈಗೆ ಏನೂ ಆಗಲ್ಲ ಅಂತ ಕೈಗೇ ಗೊತ್ತಾಗುತ್ತೆ. ಆಮೇಲೆ ಮೂವತ್ತೆಂಟು.”

ಇಪ್ಪತ್ತೆರಡರಲ್ಲಿ ಮೂವತ್ತು ಹೊಡೆದೆ. ನಿಜ, ನಳಿಗೆ ಅಷ್ಟಾಗಿ ಅಲುಗಲಿಲ್ಲ. ಆದರೆ ಆ ಸಣ್ಣ ತೋಟಾದಲ್ಲಿ ನನಗೆ ಬೇಕಾದವರು ಯಾರೂ ಇರಲಿಲ್ಲ. ಎಲ್ಲೋ ಯಂತ್ರ ತುಂಬಿದ್ದು. ಹೊಡೆದ ಮೇಲೆ ಅದರ ಕೋಶವನ್ನು ಯಾರೂ ಮತ್ತೆ ತುಂಬಲಾರರು, ಗುಡಿಸಿ ಬಕೆಟ್ಟಿಗೆ ಹಾಕುತ್ತಾರೆ. ಎಂಟು ತಿಂಗಳೆಂದರೆ ಆಗಸ್ಟ್. ಇನ್ನೂ ಒಂದು “ಆಗಲಿ, ಆಮೇಲೆ” ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಆ ವಾರ ನನಗೆ ಗೊತ್ತಿರುವ ದಾರಿಯನ್ನೇ ಹಿಡಿದೆ. ಅಕ್ಕನ ತೋಟಾಗಳನ್ನು ಒಂದೊಂದಾಗಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದೆ. ಮದ್ದು ಎರಡು ಪಟ್ಟು ಬಿದ್ದಿದ್ದರೆ ತೂಕ ಹೇಳಬೇಕಲ್ಲ ಎಂಬುದು ನನ್ನ ಎಣಿಕೆ. ಹೇಳಲಿಲ್ಲ. ಬೇರೆ ಬೇರೆ ಕಾರ್ಖಾನೆಯ ಹಳೆಯ ಕೋಶಗಳ ತೂಕದ ವ್ಯತ್ಯಾಸವೇ ಒಂದು ಅಳತೆ ಮದ್ದಿಗಿಂತ ಹೆಚ್ಚಿತ್ತು. ನನ್ನ ತಕ್ಕಡಿಗೆ ಕೂದಲೆಳೆಯ ತೂಕ ಗೊತ್ತು. ಈ ಪ್ರಶ್ನೆಗೆ ಮಾತ್ರ ಅದರ ಬಳಿ ಉತ್ತರವಿರಲಿಲ್ಲ. ಒಳಗೆ ಏನಿದೆಯೆಂದು ತಿಳಿಯಬೇಕಾದರೆ ಬಿಚ್ಚಬೇಕು. ಬಿಚ್ಚಿದರೆ ಅದು ಅಕ್ಕ ಮುಚ್ಚಿಟ್ಟದ್ದಾಗಿ ಉಳಿಯುವುದಿಲ್ಲ.

ಇಪ್ಪತ್ತಾರು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದದ ನಾನು ಶನಿವಾರ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅಕ್ಕನ ಪೆಟ್ಟಿಗೆಯ ಕೊನೆಯ ಸಾಲಿನಿಂದ ಐದು ತೋಟಾ ತೆಗೆದೆ. ಯಾವುದು ಯಾವ ಗುಳಿಯದೆಂದು ಅದರದರ ತೂಕದೊಂದಿಗೆ ಚೀಟಿಯಲ್ಲಿ ಬರೆದುಕೊಂಡೆ; ಆ ಅಭ್ಯಾಸ ಮೋಸದಲ್ಲೂ ಬಿಡಲಿಲ್ಲ. ಹತ್ತಿಗೆ ಅಸಿಟೋನ್ ಹಚ್ಚಿ ತಳದ ನೇರಳೆ ಗೆರೆಯನ್ನು ಒರೆಸಿದೆ. ಅಂಗಡಿಯ ಪೆಟ್ಟಿಗೆಯಿಂದ ಐದನ್ನು ತೆಗೆದು ಆ ಜಾಗದಲ್ಲಿ ಇವನ್ನು ಕೂರಿಸಿದೆ. ಹೊರಗಿನಿಂದ ಎರಡೂ ಒಂದೇ ಥರ: ಗುಂಡು ಕೋಶದ ಬಾಯಿಗೆ ಸಮವಾಗಿ ಒಳಗೇ ಕೂತಿರುವ, ಕಾಗದದಲ್ಲಿ ದುಂಡಗಿನ ತೂತು ಕೊರೆಯುವ ಜಾತಿ.

ಭಾನುವಾರ ಎಮಿಲ್‌ಗೆ ಹೇಳಿದೆ, “ಮೊದಲು ಒಂದು ಸುತ್ತು ಮೂವತ್ತೆಂಟು ಹೊಡೀತೀನಿ. ಆಮೇಲೆ ನೀವು ಹೇಳಿದ್ದು.”

“ಹಟಮಾರಿ. ಕೊಡು.”

ಅವನು ಹೋದ ವಾರದಂತೆ ಬೆನ್ನು ತಿರುಗಿಸಿ ತುಂಬತೊಡಗಿದ. ಒಂದು ತೋಟಾ ಕೋಣೆಯೊಳಗೆ ಜಾರಿದ ಸದ್ದು ಕೇಳಿಸಿತು, ಇನ್ನೊಂದು, ಮತ್ತೊಂದು. ನಾಲ್ಕನೆಯದರ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಎಮಿಲ್ ಒಂದು ತೋಟಾವನ್ನು ತಲೆಕೆಳಗಾಗಿ ದೀಪದ ಕೆಳಗೆ ಹಿಡಿದು, ಗಾಜು ನೋಡುವವರ ಹಾಗೆ ಓರೆ ಮಾಡುತ್ತಿದ್ದ. ಆಮೇಲೆ ರಿವಾಲ್ವರಿನಲ್ಲಿದ್ದ ಮೂರನ್ನೂ ಅಂಗೈಗೆ ಸುರಿದುಕೊಂಡು, ರಿವಾಲ್ವರನ್ನು ಬಾಯ್ತೆರೆದಂತೆಯೇ ಕಟ್ಟೆಯ ಮೇಲಿಟ್ಟ.

“ತಳದಲ್ಲಿ ಅಕ್ಷರ ಕೊರೆದಿರ್ತಾರೆ ಮರಿ, ಕಾರ್ಖಾನೆ ಹೆಸರು. ಆ ಕೊರೆದ ಗೀರಿನೊಳಗೆ ನೇರಳೆ ಉಳಿದಿದೆ.”

ಹತ್ತಿ ಮೇಲ್ಮೈಯನ್ನು ಒರೆಸುತ್ತದೆ, ಗೀರನ್ನು ಒರೆಸಲು ಬ್ರಷ್ ಬೇಕು. ಪ್ರಯೋಗಾಲಯಕ್ಕೆ ಬಂದ ಮೊದಲ ವಾರ ನನಗೆ ಕಲಿಸಿದ್ದ ಪಾಠ ಅದು.

ಅವನು ಬೈಯುತ್ತಾನೆಂದು ಕಾದೆ. ಲೊರೆಟ್ಟಾ ಬಂದು ಇಣುಕಿದಳು, ನೋಡಿದಳು, ನನ್ನ ಕಡೆ ತಿರುಗಿದಳು.

“ಏನೇ ಇದು? ನೀರಲ್ಲಿ ವಿಷ ಹುಡುಕೋಳು ನೀನು. ನೀನೇ ಬೆರೆಸ್ತೀಯಾ?”

ಗುಳಿಗಳನ್ನು ಬರೆದುಕೊಂಡಿದ್ದ ಚೀಟಿಯನ್ನು ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟೆ.

“ಲೊರೆಟ್ಟಾ, ಹೋಗಿ ಕಾಫಿ ಹಾಕು,” ಎಂದ ಎಮಿಲ್. “ಸಕ್ಕರೆ ನೀನೇ ಹಾಕು.” ಅವಳು ಹೋದಮೇಲೆ ಬೆಂಚಿನ ಮೇಲೆ ಕೂತ. “ನಂಗೆ ಕಲಿಸಿದ ಒಬ್ಬ ಮುದುಕ ಇದ್ದ. ಅವನು ಹೋದಾಗ ನಾನೂರು ತೋಟಾ ಬಿಟ್ಟಿದ್ದ. ನಿಮ್ಮಕ್ಕ ರೋಸಿ ಮೂರು ಭಾನುವಾರ ಇಲ್ಲೇ ಕೂತು ಒಂದೊಂದನ್ನೂ ಬಿಚ್ಚಿದಳು. ನಾನು ಹೇಳಿದೆ, ಒಂದೇ ಒಂದು ಹೊಡೀತೀನಿ ಕಣೇ, ಅವನ ನೆನಪಿಗೆ ಅಂತ. ನನ್ನ ಕೈಮೇಲೆ ಹೊಡೆದಳು. ‘ನೆನಪಿಗೆ ಕಣ್ಣು ಕಳ್ಕೋತೀಯಾ ಮುದುಕ?’ ಅಂದಳು.”

ಅದು ಅವಳದೇ ಮಾತು. ಹೇಳಿದ ಧಾಟಿಯೂ ಅವಳದೇ. ಹತ್ತು ತಿಂಗಳಾದ ಮೇಲೆ ಅವಳ ಒಂದು ಹೊಸ ಮಾತು ಕಿವಿಗೆ ಬಿದ್ದಿತ್ತು.

“ಪೆಟ್ಟಿಗೆ ಎಲ್ಲಿದೆ?” ಎಂದು ಕೇಳಿದ.

“ಕಾರಲ್ಲಿ.”

“ತಗೊಂಡು ಬಾ. ತಕ್ಕಡೀನೂ ಇದ್ರೆ ತಾ.”

ತೂಗಿದಂದಿನಿಂದ ಅದೂ ಕಾರಲ್ಲೇ ಇತ್ತು, ಎರಡನ್ನೂ ತಂದೆ. ಗೀರಿನಲ್ಲಿ ನೇರಳೆ ಉಳಿದಿದ್ದ ಐದನ್ನೂ ಆರಿಸಿ, ತೂಗಿ, ಚೀಟಿ ನೋಡಿ ಅವವುಗಳ ಗುಳಿಗೆ ಮರಳಿಸಿದೆ.

ಎಮಿಲ್ ಬಳಿ ಇದ್ದದ್ದು ಸುತ್ತಿಗೆಯಾಕಾರದ ಟೊಳ್ಳು ಪ್ಲಾಸ್ಟಿಕ್ಕಿನ ಸಾಧನ. ತೋಟಾವನ್ನು ತಲೆಕೆಳಗಾಗಿ ಅದರೊಳಗೆ ಕಚ್ಚಿಸಿ ಮರದ ದಿಮ್ಮಿಗೆ ಕುಟ್ಟಿದರೆ, ಮೂರು ನಾಲ್ಕು ಏಟಿಗೆ ಗುಂಡು ಕಳಚಿ, ಅದರ ಹಿಂದೆಯೇ ಮದ್ದು ಸಾಧನದ ಹೊಟ್ಟೆಗೆ ಸುರಿಯುತ್ತದೆ. ಅವನು ಕುಟ್ಟಿದ. ನಾನು ಮದ್ದನ್ನು ತಟ್ಟೆಗೆ ಹಾಕಿ ತೂಗಿ ಬರೆದುಕೊಂಡೆ. ಎಡತುದಿಯ ಮೊದಲ ಗುಳಿಯಿಂದ ಶುರುಮಾಡಿದೆವು. ಅಕ್ಕ ತುಂಬಿದ ಕ್ರಮದಲ್ಲೇ ಗುಳಿಗೆ ಇಡುತ್ತಿದ್ದಳೆಂದು ಎಮಿಲ್‌ಗೆ ಗೊತ್ತಿತ್ತು.

ಮೊದಲ ಸಾಲಿನ ಹತ್ತೂ ಒಂದೇ ತೂಕ. ಎರಡು ಮಿಲಿಗ್ರಾಂ ಅತ್ತಿಲ್ಲ, ಇತ್ತಿಲ್ಲ. ನನ್ನ ಲ್ಯಾಬಿನಲ್ಲಿ ಹೊಸದಾಗಿ ಸೇರಿದವರು ಇಂಥ ಸಾಲು ಬರೆದು ತಂದರೆ ಕಟ್ಟುಕತೆಯೆಂದು ಅನುಮಾನಪಡುತ್ತೇನೆ. ಎರಡನೆಯ ಸಾಲೂ ಹಾಗೆಯೇ. ಪ್ರತಿ ಅಂಕಿ ಬರೆಯುವಾಗಲೂ ಅಂದುಕೊಂಡೆ: ಇದನ್ನು ಹೊಡೆಯಬಹುದಿತ್ತು, ಇದನ್ನೂ ಹೊಡೆಯಬಹುದಿತ್ತು. ಎಮಿಲ್‌ಗೆ ಅದು ಗೊತ್ತಾಗಿರಬೇಕು. ತಲೆಯೆತ್ತದೆ ಕುಟ್ಟುತ್ತಲೇ ಇದ್ದ.

ಮೂರನೆಯ ಸಾಲಿನ ಕೊನೆಯಲ್ಲಿ ಅಂಕಿಗಳು ಅಲುಗಾಡತೊಡಗಿದವು. ಐದು ಹೆಚ್ಚು, ಏಳು ಕಡಿಮೆ. ನಾಲ್ಕನೆಯ ಸಾಲಿನಲ್ಲಿ ಹದಿನೈದು, ಇಪ್ಪತ್ತು. ಅಳತೆಯ ಲಿವರನ್ನು ಒಂದೇ ಲಯದಲ್ಲಿ ಎಳೆದರೆ ಮದ್ದು ಒಂದೇ ಸಮ ಬೀಳುತ್ತದೆ, ಎಳೆತ ತೊದಲಿದರೆ ಅದೂ ತೊದಲುತ್ತದೆ. ನಾನು ಪಕ್ಕದಲ್ಲಿ ಚುಕ್ಕೆಗಳನ್ನೂ ಇಡುತ್ತಿದ್ದೆ. ನೇರವಾಗಿ ಸಾಗಿದ್ದ ಚುಕ್ಕೆಗಳ ಸಾಲು ಬಲಕ್ಕೆ ಹೋದಂತೆ ಚದುರಿ ಹಾಳೆಯ ತುಂಬ ಹರಡಿತು.

ನಲವತ್ತನಾಲ್ಕನೆಯದನ್ನು ಕುಟ್ಟಿದಾಗ ಬಿದ್ದ ರಾಶಿ ಕಣ್ಣಿಗೇ ದೊಡ್ಡದಾಗಿ ಕಂಡಿತು. ತೂಗಿದೆ. ಹೆಚ್ಚುಕಡಿಮೆ ಎರಡು ಅಳತೆ. ನಲವತ್ತೈದರಲ್ಲಿ ಒಂದು. ನಲವತ್ತಾರನೆಯದನ್ನು ಎಮಿಲ್ ಆರು ಸಲ ಕುಟ್ಟಿದ. ಗುಂಡು ಮಾತ್ರ ಬಿತ್ತು. ಕೋಶವನ್ನು ಬೋರಲು ಹಿಡಿದು ತಟ್ಟಿದ. ಒಂದು ಕಾಳೂ ಉದುರಲಿಲ್ಲ.

“ಒಂದಕ್ಕೆ ಎರಡು ಸಲ ಎಳೆದಿದ್ದಾಳೆ. ಇದನ್ನ ಬಿಟ್ಟಿದ್ದಾಳೆ,” ಎಂದ. ಅವನ ದನಿ ಬಹಳ ಕೆಳಗಿತ್ತು. “ಇದನ್ನ ಹೊಡೆದಿದ್ರೆ ಗುಂಡು ನಳಿಗೆ ಮಧ್ಯದಲ್ಲಿ ಸಿಕ್ಕಿಕೊಂಡಿರೋದು. ಅದು ಗೊತ್ತಾಗದೆ ಅದರ ಹಿಂದೆ ಇನ್ನೊಂದು ಹೊಡೆದಿದ್ರೆ ನಳಿಗೆ ಕೈಯಲ್ಲೇ ಸಿಡಿಯೋದು.”

ನಾನು ಬೆರೆಸಿದ್ದ ಐದು ತೋಟಾ ನಲವತ್ತೆರಡರಿಂದ ನಲವತ್ತಾರರವರೆಗಿನವು.

ಮುಚ್ಚಳವನ್ನು ನನ್ನ ಕಡೆ ತಿರುಗಿಸಿ ಚೀಟಿಯ ಕೆಳಮೂಲೆಯನ್ನು ಬೆರಳಿಂದ ತೋರಿಸಿದ. “ಇಲ್ಲಿ ಏನಿಲ್ಲ ಹೇಳು.”

ಆಗ ನೋಡಿದೆ. ಅವಳ ಮನೆಯಲ್ಲಿ ಕಂಡಿದ್ದ ಉಳಿದ ಖಾಲಿ ಪೆಟ್ಟಿಗೆಗಳ ಚೀಟಿಯ ಮೂಲೆಯಲ್ಲೆಲ್ಲ ಅವಳ ಹೆಸರಿನ ಮೊದಲಕ್ಷರವಿತ್ತು. ಇದರಲ್ಲಿ ಇರಲಿಲ್ಲ.

“ಮುಗೀತು, ಸರಿಯಿದೆ ಅಂತ ಅನಿಸಿದ ಮೇಲೆ ಹಾಕ್ತಿದ್ದಳು. ಇದಕ್ಕೆ ಹಾಕಿಲ್ಲ. ಇದನ್ನ ಅವಳೇ ಹೊಡೀತಿರಲಿಲ್ಲ ಮರಿ.”

ಸಹಿಯಿಲ್ಲದ ಚೀಟಿಯ ಮಾದರಿ ಬಂದರೆ ನಾನು ಮುಟ್ಟದೆ ವಾಪಸು ಕಳಿಸುತ್ತೇನೆ. ಇದನ್ನು ಮಾತ್ರ ಇಷ್ಟು ತಿಂಗಳು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡಿದ್ದೆ. ನಾಲ್ಕು ಗುಳಿ ಖಾಲಿಯಿದ್ದದ್ದು ಅವಳು ಹೊಡೆದಿದ್ದರಿಂದಲ್ಲ. ಅಲ್ಲಿಗೆ ಬರುವ ಹೊತ್ತಿಗೆ ಕ್ಯಾನ್ಸರಿನ ಔಷಧಿಯಿಂದ ಮರಗಟ್ಟಿದ ಅವಳ ಬೆರಳಿಗೆ ಲಿವರ್ ತಾಕುವುದೇ ತಿಳಿಯುತ್ತಿರಲಿಲ್ಲ, ಎದ್ದುಹೋಗಿದ್ದಳು. ಚೀಟಿಯ ತಾರೀಖು ನವೆಂಬರ್ ಹದಿನಾಲ್ಕು, ಶುಕ್ರವಾರ. ನನಗೆ ಫೋನು ಮಾಡಿದ್ದು ಅದರ ಮಾರನೆಯ ದಿನ. ಒಂದು ಕೈ ಬೇಕಾಗಿದೆ ಎಂದದ್ದು ತಮಾಷೆಗಲ್ಲ.

ಲೊರೆಟ್ಟಾ ಕಾಫಿ ತಂದಿಟ್ಟು, ಹಾಳೆಯ ಮೇಲಿನ ಚುಕ್ಕೆಗಳನ್ನು ನೋಡಿ, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಳು.

“ನನಗೆ ಫೋನಲ್ಲಿ ಕೈ ಚೆನ್ನಾಗಿದೆ ಅಂದಳು,” ಎಂದೆ.

“ನಮಗೂ ಹಾಗೇ ಅಂದಳು ಕಣೇ. ಆ ತಿಂಗಳು ಅಂಕ ಕಡಿಮೆಯಾದಾಗ ತಪ್ಪು ಕನ್ನಡಕದ್ದು ಅಂದಳು. ನಾವೂ ಕನ್ನಡಕದ ಡಾಕ್ಟರನ್ನೇ ಬೈದ್ವಿ.”

ಬೆಂಚಿನ ಮೇಲೆ ಒಂದು ಕಡೆ ಸೀಸದ ಗುಂಡುಗಳು, ಒಂದು ಕಡೆ ಕೋಶಗಳು. ಮದ್ದನ್ನು ಎಮಿಲ್ ಹೊರಗೆ ಒಯ್ದು ಹಿತ್ತಲಿನಲ್ಲಿ ಹುಲ್ಲಿಲ್ಲದ ಬರಿ ನೆಲದ ಮೇಲೆ ತೆಳ್ಳಗೆ ಚೆಲ್ಲಿ ಬಂದ. ಬಂದವನು ಕೋಶಗಳನ್ನು ಮತ್ತೆ ಅವೇ ಗುಳಿಗಳಲ್ಲಿ ನಿಲ್ಲಿಸತೊಡಗಿದ.

“ಮದ್ದು ಹೋಯ್ತು, ಗುಂಡು ಹೋಯ್ತು. ಆದ್ರೆ ತಳದಲ್ಲಿ ಕೇಪು ಹಾಗೇ ಇದೆ, ಅವಳೇ ಒತ್ತಿ ಕೂರಿಸಿದ್ದು.” ಕೇಪು ಎಂದರೆ ಮದ್ದಿಗೆ ಕಿಡಿ ಕೊಡುವ, ಕಾಳಿನಷ್ಟು ಸಣ್ಣ ಲೋಹದ ಬಟ್ಟಲು. “ಇದನ್ನ ಹೀಗೇ ಕಸಕ್ಕೆ ಹಾಕೋ ಹಾಗಿಲ್ಲ. ಹೊಡೆದೇ ಖಾಲಿ ಮಾಡ್ಬೇಕು.” ನನ್ನ ಮುಖ ನೋಡಲಿಲ್ಲ. “ಆರನೇ ಸಾಲು ಖಾಲಿ ಇದೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕ್ಕೋ.”

ಅವನು ಆರನೆಯ ಸಾಲಿನ ತಂತಿಗೆ ಹೊಸ ಗುರಿಕಾಗದ ಸಿಕ್ಕಿಸಿ ಐವತ್ತು ಅಡಿ ಆಚೆಗೆ ಕಳಿಸಿದ. ಅಲ್ಲಿಗೆ ಏನೂ ತಲುಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಎಡಗೈಯನ್ನು ಜೇಬಿಗೆ ಇಳಿಬಿಟ್ಟೆ. ಬಲಗೈ ಚಾಚಿ, ಕಪ್ಪು ವೃತ್ತದ ಬುಡಕ್ಕೆ ಕಣ್ಣು ಕೂಡಿಸಿ, ಟ್ರಿಗರನ್ನು ಮೆಲ್ಲಗೆ ಒತ್ತಿದೆ. ಟಪ್. ಹಬ್ಬದ ದಿನ ಮಕ್ಕಳು ಕಲ್ಲಿನಿಂದ ಕುಟ್ಟುವ ಪಟಾಕಿಯಷ್ಟು ಸದ್ದು. ಒದೆತವಿಲ್ಲ, ನಳಿಗೆಯ ತುದಿಯಲ್ಲಿ ಹೊಗೆಯ ಒಂದು ಎಳೆ. ಅಷ್ಟಕ್ಕೂ ನನ್ನ ಕೈ ಕುಸಿದಿತ್ತು. ಎರಡನೆಯದಕ್ಕೂ ಕುಸಿಯಿತು. ಕೆಲವು ಸಲ ಮದ್ದಿನ ಒತ್ತಡವಿಲ್ಲದೆ ಕೇಪು ಹಿಂದಕ್ಕೆ ಜರುಗಿ ರಿವಾಲ್ವರಿನ ಉರುಳೆ ತಿರುಗದೆ ಸಿಕ್ಕಿಕೊಳ್ಳುತ್ತಿತ್ತು. ಎಮಿಲ್ ಹೆಬ್ಬೆರಳಿನಿಂದ ಬಿಡಿಸಿಕೊಡುತ್ತಿದ್ದ. ಆರಾದ ಮೇಲೆ ಖಾಲಿ ಕೋಶ ಸುರಿದು ಮತ್ತೆ ಆರು. ಮೊದಲ ಸಾಲು ಅವಳು ಆರಾಮವಾಗಿ ಕೂತು ತುಂಬಿದ್ದು. ಎರಡನೆಯ ಸಾಲು. ಮೂರನೆಯ ಸಾಲಿನ ಕೊನೆ, ಅವಳು ಬೆರಳು ಉಜ್ಜಿಕೊಂಡಿರಬೇಕಾದ ಜಾಗ. ಅಲ್ಲಿ ಎಲ್ಲೋ ನನ್ನ ಕೈ ಕುಸಿಯುವುದನ್ನು ಬಿಟ್ಟಿತು. ಸದ್ದು ಬಂದಾಗ ನಳಿಗೆಯ ತುದಿ ವೃತ್ತದ ಬುಡದಲ್ಲೇ ನಿಂತಿರುವುದನ್ನು ಕಂಡೆ, ಅದರ ಮುಂದಿನದಕ್ಕೂ ಕಂಡೆ.

ನಲವತ್ತನಾಲ್ಕು, ಟಪ್. ನಲವತ್ತೈದು. ನಲವತ್ತಾರನೆಯದನ್ನು ಒತ್ತುವ ಮೊದಲು ತೋಳು ಇಳಿಸಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಎತ್ತಿ ಒತ್ತಿದೆ. ಉಳಿದವುಗಳಷ್ಟೇ ಸದ್ದು ಮಾಡಿತು.

ಎಮಿಲ್ ಕಾಗದವನ್ನು ಹಿಂದಕ್ಕೆ ತರಿಸಿ ದೀಪಕ್ಕೆ ಹಿಡಿದು ನೋಡಿದ, ಎಲ್ಲರ ಕಾಗದ ನೋಡುವ ಹಾಗೆಯೇ. ಒಂದು ತೂತೂ ಇರಲಿಲ್ಲ. ಮಡಚಿ ನನ್ನ ಕೈಗೆ ಕೊಟ್ಟ.

“ಮಂಗಳವಾರ ಬಾ,” ಎಂದ.

ಮಂಗಳವಾರ ಸಂಜೆ ಆರಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲಿಳಿದೆ. ಲೊರೆಟ್ಟಾ ಒಂದು ಕೈಯಲ್ಲಿ ಅಂಕಪಟ್ಟಿ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಬಣ್ಣದ ಹಲಗೆಯ ಮುಂದೆ ನಿಂತಿದ್ದಳು.

“ಹೆಸರು ಮಾರ್ಸಿ, ಸಾಲು ಆರು. ಕ್ಯಾಲಿಬರ್?” ಎಂದು ಕೇಳಿದಳು. “ಮೂವತ್ತೆಂಟು ಅಂದ್ರೆ ಮುಂದೆ ನೀನೂ ತುಂಬ್ಕೋಬೇಕಾಗುತ್ತೆ. ಬಣ್ಣ ಬೇಕು. ನೇರಳೆ ನಿಂಗೇ ಕೊಡೋಣ ಅಂತ ಮಾತಾಡ್ಕೊಂಡ್ವಿ. ಹೇಳು, ಇವಳ ಹೆಸರು ಒರೆಸಿ ನಿಂದು ಬರೀಲಾ?”

“ಇಪ್ಪತ್ತೆರಡು,” ಎಂದೆ. “ಇಪ್ಪತ್ತೆರಡಕ್ಕೆ ಬಣ್ಣ ಬೇಡ ಅಲ್ವಾ?”

ಅವಳು ಹಲಗೆ ನೋಡಿದಳು, ನನ್ನನ್ನು ನೋಡಿದಳು, ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

“ಬೇಡ. ಅದರ ಕೋಶ ಯಾರು ಕೇಳ್ತಾರೆ?”

ಆ ಸಂಜೆ ನೂರಕ್ಕೆ ಐವತ್ತೆಂಟು ಬಂತು. ನಡುವೆ ನನ್ನ ತೋಟಾ ಮುಗಿದುಹೋದಾಗ ಐದನೆಯ ಸಾಲಿನವನು ತಿರುಗಿ ನೋಡದೆಯೇ ತನ್ನ ಪೆಟ್ಟಿಗೆಯಿಂದ ಒಂದು ಹಿಡಿ ಕಟ್ಟೆಯ ಮೇಲೆ ಸರಿಸಿದ. ಇಪ್ಪತ್ತೆರಡನ್ನು ಯಾರು ಯಾರಿಂದ ಬೇಕಾದರೂ ತೆಗೆದುಕೊಳ್ಳಬಹುದು. ಕೊನೆಗೆ ಎಲ್ಲರೂ ಪೊರಕೆ ಹಿಡಿದರು. ಬಣ್ಣದವರು ತಮ್ಮ ತಮ್ಮ ಕೋಶ ಆರಿಸಿಕೊಂಡರು, ನಮ್ಮ ಸಣ್ಣವು ಒಂದೇ ರಾಶಿಯಾಗಿ ಬಕೆಟ್ಟಿಗೆ ಬಿದ್ದವು. ನಾನು ಆರನೆಯ ಸಾಲಿನ ಕಟ್ಟೆಯ ಕೆಳಗೆ, ಗೋಡೆಯ ಸಂದಿನವರೆಗೂ ಬಗ್ಗಿ ಗುಡಿಸಿದೆ. ಕಳೆದ ಚಳಿಗಾಲದ್ದು, ನೇರಳೆ ಗೆರೆಯದು, ಒಂದಾದರೂ ಉರುಳಿಬಂದೀತೆಂದು ನೋಡಿದೆ.

ಬರಲಿಲ್ಲ. ಮುಂದಿನ ಮಂಗಳವಾರವೂ ಆ ಸಂದನ್ನು ನಾನೇ ಗುಡಿಸುತ್ತೇನೆಂದು ಲೊರೆಟ್ಟಾಗೆ ಹೇಳಿ, ಮೆಟ್ಟಿಲ ಬಳಿಯ ಹೆಸರನ್ನು ದಾಟಿ ಮೇಲೆ ಬಂದೆ.